ಒಂದು ತಪ್ಪು ಸಾಲು, ಹದಿನಾಲ್ಕು ಕಿಲೋಮೀಟರ್

ಸಂಜೆ ಆರೂವರೆ. ನಾನಿದ್ದದ್ದು ದಾವಣಗೆರೆಯ ಆಫೀಸಿನಲ್ಲಿ, ನನ್ನ ಪರದೆಯ ಮೇಲಿದ್ದದ್ದು ಹರಿಹರದ ಒಂದು ಸೈಬರ್ ಸೆಂಟರ್‌ನ ಮೈಕ್ರೋಟಿಕ್ ರೂಟರ್. ಡಿಪ್ಲೊಮಾ ಮುಗಿಸಿ, ಏಳು ತಿಂಗಳು ಕೆಲಸಕ್ಕಾಗಿ ಅಲೆದು, ಕೊನೆಗೆ ಊರಿನದೇ ಒಂದು ಸಣ್ಣ ಇಂಟರ್‌ನೆಟ್ ಸಂಸ್ಥೆಗೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಹೊರಗಿನಿಂದ ಯಾರ‍್ಯಾರೋ ಆ ರೂಟರ್‌ಗೆ ಪಾಸ್‌ವರ್ಡ್ ಹಾಕಿ ನೋಡುತ್ತಿದ್ದರು. ಲಾಗ್ ತುಂಬ ಕೆಂಪು ಸಾಲುಗಳು. ‘ಇವರನ್ನೆಲ್ಲ ಹೊರಗಿಡೋಣ’ ಅಂತ ಫೈರ್‌ವಾಲ್‌ಗೆ ಒಂದೇ ಒಂದು ಸಾಲು ಸೇರಿಸಿದೆ: ಹೊರಗಿನಿಂದ ರೂಟರ್‌ಗೆ ಬರುವುದನ್ನೆಲ್ಲ ತಡೆ. ಓಕೆ ಒತ್ತಿದೆ. ಪರದೆ ಹಾಗೇ ನಿಂತುಬಿಟ್ಟಿತು.

ಆ ‘ಹೊರಗಿನವರ’ ಪಟ್ಟಿಯಲ್ಲಿ ನಾನೂ ಇದ್ದೇನೆ ಅಂತ ಹೊಳೆದದ್ದು ಆಮೇಲೆ.

ಎರಡೇ ನಿಮಿಷಕ್ಕೆ ಫೋನ್ ಬಂತು. ‘ಏನಪ್ಪಾ, ನೆಟ್ ಹೋಯ್ತಲ್ಲ! ಇವತ್ತು ಅರ್ಜಿ ಹಾಕೋಕೆ ಕೊನೇ ದಿನ. ಇಲ್ಲಿ ಏಳೆಂಟು ಹುಡುಗ್ರು ಕಾಯ್ತಾ ಕೂತಾರೆ.’ ಸೀನಿಯರ್ ಅಣ್ಣ ಆ ದಿನ ರಜೆಯಲ್ಲಿದ್ದರು. ‘ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಣ್ಣಾ’ ಅಂದೆ. ಮಾಡಿದರು, ಏನೂ ಆಗಲಿಲ್ಲ. ಆ ರೂಟರ್‌ನಲ್ಲಿ ಓಕೆ ಒತ್ತಿದ ಕ್ಷಣವೇ ಬದಲಾವಣೆ ಶಾಶ್ವತವಾಗಿ ಉಳಿಯುತ್ತದೆ ಅನ್ನುವುದೂ ನನಗೆ ಆಗ ಗೊತ್ತಿರಲಿಲ್ಲ. ಫೋನಿನಲ್ಲೇ ಹೇಳಿಕೊಟ್ಟು ಸರಿಮಾಡಿಸುವಷ್ಟು ಧೈರ್ಯವೂ ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ಆವತ್ತು ಅದು ಮುಗಿಯಲೇ ಇಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿದ್ದ ನೂರಾರು ಪುಟದ ಕೈಪಿಡಿಯ ಪಿಡಿಎಫ್ ತೆರೆದೆ. ಅದರಲ್ಲಿ ಎಲ್ಲವೂ ಇತ್ತು, ನನಗೆ ಬೇಕಾದದ್ದು ಮಾತ್ರ ಸಿಗಲಿಲ್ಲ.

ಸೆಂಟರ್ ತಲುಪಿದಾಗ ಏಳೂ ಮುಕ್ಕಾಲು. ಮಾಲೀಕರು ತಮ್ಮ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಬ್ಬೊಬ್ಬರದೇ ಅರ್ಜಿ ತುಂಬಿಸುತ್ತಿದ್ದರು. ಫೋಟೊ, ಸಹಿ ಅಪ್‌ಲೋಡ್ ಆಗದೆ ಸುತ್ತುತ್ತಲೇ ಇತ್ತು. ಕೇಬಲ್ ಹಾಕಿ ಒಳಗಿನಿಂದ ಲಾಗಿನ್ ಆಗಿ ಆ ಸಾಲು ಅಳಿಸಿದೆ. ಹತ್ತು ಸೆಕೆಂಡಿನ ಕೆಲಸ! ಎಲ್ಲ ಕಂಪ್ಯೂಟರ್‌ಗಳಲ್ಲೂ ನೆಟ್ ಬಂತು. ಕಾಯುತ್ತಿದ್ದವರು ಖುಷಿಯಿಂದ ಕುರ್ಚಿ ಎಳೆದುಕೊಂಡರು. ಮಾಲೀಕರು ಬೈಯಲಿಲ್ಲ. ‘ಒಬ್ಬ ಹುಡುಗಿ ಹಳ್ಳಿಯಿಂದ ಬಂದಿದ್ಲು. ಕೊನೇ ಬಸ್ ತಪ್ತದೆ ಅಂತ ಈಗ ಹೋದ್ಲು’ ಅಂದರು, ಅಷ್ಟೇ. ಅವಳ ಅರ್ಜಿ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಏಳು ತಿಂಗಳು ಅಂಥದ್ದೇ ಕುರ್ಚಿಗಳಲ್ಲಿ ಕೂತು ಅರ್ಜಿ ತುಂಬಿದವನು. ಆ ಮಾತು ಬೈಗುಳಕ್ಕಿಂತ ಜೋರಾಗಿ ಬಿತ್ತು.

ಮರುದಿನ ಸೀನಿಯರ್ ಅಣ್ಣ ನಕ್ಕರು. ‘ಸೇಫ್ ಮೋಡ್ ಅಂತ ಒಂದು ಬಟನ್ ಐತಲ್ಲಪ್ಪಾ, ಅದನ್ನ ಒತ್ತಿ ಕೆಲಸ ಶುರು ಮಾಡಿದ್ರೆ ಸಾಕಾಗ್ತಿತ್ತು.’ ಸೇಫ್ ಮೋಡ್‌ನಲ್ಲಿರುವಾಗ ನಮ್ಮ ಸಂಪರ್ಕ ಕಡಿದುಹೋದರೆ, ರೂಟರ್ ಸ್ವಲ್ಪ ಹೊತ್ತು ಕಾದು ನಾವು ಮಾಡಿದ್ದನ್ನೆಲ್ಲ ತಾನೇ ವಾಪಸ್ ತೆಗೆಯುತ್ತದೆ. ಪಿಡಿಎಫ್‌ನಲ್ಲಿ ಹುಡುಕಿದೆ, ಅಲ್ಲೇ ಇತ್ತು!

ಆ ರಾತ್ರಿ ಊಟ ಸೇರದೆ ಕೂತಿದ್ದಾಗ ಅಪ್ಪ ವಿಷಯ ಕೇಳಿದರು. ಅವರಿಗೆ ರೂಟರ್ ಗೊತ್ತಿಲ್ಲ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು, ಕಾರ್ಖಾನೆ ಮುಚ್ಚಿದ ಮೇಲೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ ದುಡಿದವರು. ಎದ್ದು ಹೋಗಿ ಟ್ರಂಕಿನಿಂದ ಒಂದು ಪಾಕೆಟ್ ನೋಟ್‌ಬುಕ್ ತಂದರು. ಪುಟಗಳಿಗೆಲ್ಲ ಎಣ್ಣೆ ಕಲೆ. ‘ಎಂ 6 ಟ್ಯಾಪ್, ಡ್ರಿಲ್ 5. ಎಂ 10 ಟ್ಯಾಪ್, ಡ್ರಿಲ್ 8.5’ ಅಂತ ಶುರುವಾಗಿ, ಯಾವ ಮರೆಗೆ ಯಾವ ಗೇರ್ ಹಾಕಬೇಕು ಅನ್ನುವವರೆಗೆ ಎಲ್ಲ ಅವರ ಕೈಬರಹದಲ್ಲೇ ಇತ್ತು. ‘ದೊಡ್ಡ ಪುಸ್ತಕ ಫೋರ್‌ಮನ್ ಟೇಬಲ್ ಮೇಲೆ ಇರ್ತಿತ್ತು. ಮಷಿನ್ ಮುಂದೆ ನಿಂತಾಗ ಇದೇ ನೋಡಪ್ಪಾ ಕೈಗೆ ಸಿಗೋದು’ ಅಂದರು.

ಮರುದಿನವೇ ನಾನೂ ಒಂದು ನೋಟ್‌ಬುಕ್ ಕೊಂಡೆ. ಒಂದು ಕೆಲಸಕ್ಕೆ ಒಂದೇ ಪುಟ ಅನ್ನುವುದು ನಿಯಮ. ಈ ಕ್ಷೇತ್ರಕ್ಕೆ ಬರಬೇಕೆಂದಿರುವ ಗೆಳೆಯರಿಗೆ ಉಪಯೋಗವಾದೀತು ಅಂತ ಅದರ ಕೆಲವು ಪುಟಗಳನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಮೊದಲ ಪುಟ: ಮುಟ್ಟುವ ಮುಂಚೆ. ಈಗಿರುವ ಸೆಟ್ಟಿಂಗ್‌ನ ಬ್ಯಾಕಪ್ ತೆಗೆದು ನಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕು. ದೂರದಿಂದ ಕೆಲಸ ಮಾಡುವಾಗ ವಾಪಸ್ ಬರುವ ದಾರಿ ಮೊದಲು ಮಾಡಿಕೊಳ್ಳಬೇಕು. ಮೈಕ್ರೋಟಿಕ್‌ನಲ್ಲಾದರೆ ಸೇಫ್ ಮೋಡ್. ಸಿಸ್ಕೋ ರೂಟರ್‌ನಲ್ಲಾದರೆ ‘ರೀಲೋಡ್ ಇನ್ 10’ ಎಂಬ ಆದೇಶ ಕೊಟ್ಟು ಶುರುಮಾಡುವುದು. ನಾವು ಸಿಕ್ಕಿಹಾಕಿಕೊಂಡರೆ ಹತ್ತು ನಿಮಿಷಕ್ಕೆ ಅದು ತಾನೇ ರೀಸ್ಟಾರ್ಟ್ ಆಗಿ, ಸೇವ್ ಮಾಡದ ಬದಲಾವಣೆಗಳನ್ನೆಲ್ಲ ಮರೆಯುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಅಂತ ಹೇಳಿ ಸೇವ್ ಮಾಡಿದರಾಯಿತು.

ಎರಡನೇ ಪುಟ: ಫೈರ್‌ವಾಲ್. ನನ್ನ ತಪ್ಪಿನ ಪುಟ. ರೂಟರ್ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು, ಈಗಾಗಲೇ ನಡೆಯುತ್ತಿರುವ ಮಾತುಕತೆಯ ಉತ್ತರಗಳಿಗೆ ಅನುಮತಿ. ಆಮೇಲೆ ನಮ್ಮ ಆಫೀಸಿನ ಐಪಿಗೆ ಅನುಮತಿ. ಎಲ್ಲಕ್ಕಿಂತ ಕೊನೆಗೆ ‘ಉಳಿದದ್ದೆಲ್ಲ ತಡೆ’. ಮೊದಲನೆಯದನ್ನು ಬಿಟ್ಟದ್ದಕ್ಕೇ ಆವತ್ತು ಸೆಂಟರ್‌ನ ನೆಟ್ ನಿಂತದ್ದು. ವೆಬ್‌ಸೈಟ್ ಹೆಸರಿಗೆ ವಿಳಾಸ ಯಾವುದು ಅಂತ ರೂಟರ್ ಹೊರಗೆ ಕೇಳುತ್ತಿತ್ತು, ಬಂದ ಉತ್ತರವನ್ನು ನನ್ನ ಸಾಲು ಬಾಗಿಲಲ್ಲೇ ತಡೆಯುತ್ತಿತ್ತು.

ಮೂರನೇ ಪುಟ: ವಿಳಾಸಗಳು. 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು, ಇವು ಮನೆಯೊಳಗಿನ ವಿಳಾಸಗಳು. 1996ರಲ್ಲೇ ಆದ ಹಂಚಿಕೆ ಇದು. ರೂಟರ್‌ನ ಹೊರಬದಿಯ ವಿಳಾಸ 100.64ರಿಂದ 100.127ರೊಳಗೆ ಇದ್ದರೆ, ಸೇವಾ ಸಂಸ್ಥೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚಿದೆ ಎಂದರ್ಥ. ಅಂಥ ಕಡೆ ಅಂಗಡಿಯ ಕ್ಯಾಮೆರಾ ಹೊರಗಿನಿಂದ ಕಾಣಲಿ ಅಂತ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನವಿಲ್ಲ. ಇದು ಗೊತ್ತಿಲ್ಲದೆ ಒಬ್ಬರ ಅಂಗಡಿಯಲ್ಲಿ ಅರ್ಧ ದಿನ ಕಳೆದಿದ್ದೇನೆ.

ನಾಲ್ಕನೇ ಪುಟ: ‘ಕೆಲವು ಸೈಟ್ ಬರ್ತವೆ, ಕೆಲವು ಬರಲ್ಲ’ ಎಂಬ ದೂರು. ಪಿಪಿಪಿಒಇ ಸಂಪರ್ಕವಾದರೆ ಎಂಟಿಯು ನೋಡಬೇಕು. ಸಾಮಾನ್ಯ 1500ರಲ್ಲಿ ಎಂಟು ಬೈಟ್ ಪಿಪಿಪಿಒಇಗೇ ಹೋಗುತ್ತದೆ, ಉಳಿಯುವುದು 1492.

ಐದನೇ ಪುಟ: ಲೈಟ್‌ಗಳು. ಫೈಬರ್ ಪೆಟ್ಟಿಗೆಯಲ್ಲಿ ಲಾಸ್ ಲೈಟ್ ಕೆಂಪಾಗಿದ್ದರೆ ತೊಂದರೆ ಕೇಬಲ್‌ನಲ್ಲಿದೆ. ಆಗ ರೀಸೆಟ್ ಬಟನ್ ಒತ್ತಲೇಬಾರದು. ಒತ್ತಿದರೆ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ, ಒಂದು ತೊಂದರೆ ಎರಡಾಗುತ್ತದೆ.

ಆರನೇ ಪುಟ: ವೈಫೈ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್‌ಗಳು ಮಾತ್ರ ಒಂದರ ಮೇಲೊಂದು ಬೀಳದೆ ಕೆಲಸ ಮಾಡುತ್ತವೆ. ಅಕ್ಕಪಕ್ಕದ ಅಂಗಡಿಗಳಲ್ಲಿ ಯಾವುದು ತುಂಬಿದೆ ಅಂತ ನೋಡಿ ಉಳಿದದ್ದು ಆರಿಸಬೇಕು.

ಏಳನೇ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಮಾತು: ‘ಅಡ್ಮಿನ್ – ಅಡ್ಮಿನ್ ಬಿಟ್ಟು ಬರಬೇಡ.’ 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಅದರ ಬಳಿ ಇದ್ದದ್ದು ಕಂಪನಿಗಳೇ ಇಟ್ಟ ಅರವತ್ತರಷ್ಟು ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಹಾಗಂತ ಗ್ರಾಹಕರ ಪಾಸ್‌ವರ್ಡನ್ನು ಈ ನೋಟ್‌ಬುಕ್‌ನಲ್ಲಿ ಬರೆಯುವುದಿಲ್ಲ. ಬಸ್ಸಿನಲ್ಲಿ ಕಳೆದುಹೋಗಬಹುದಾದ ಪುಸ್ತಕ ಇದು.

ರೂಟರ್ ಕೊಳ್ಳಲು ದುಡ್ಡಿಲ್ಲ ಅನ್ನುವವರು ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬೇಕೆಂದೇ ತಪ್ಪು ಮಾಡಿ, ಏನಾಗುತ್ತದೆ ನೋಡಿ, ಬರೆದುಕೊಳ್ಳಿ. ಯಾರ ಅರ್ಜಿಯೂ ನಿಲ್ಲುವುದಿಲ್ಲ. ಕಂಪನಿಗಳ ದೊಡ್ಡ ಕೈಪಿಡಿಗಳನ್ನು ಬಿಡಬೇಡಿ, ನಮ್ಮ ಪುಟ ಹುಟ್ಟುವುದೇ ಅವುಗಳಿಂದ. ಆದರೆ ಮಾಡಿ ನೋಡದೆ ನಕಲು ಮಾಡಿದ ಸಾಲು ಹೊತ್ತಿಗೆ ಒದಗುವುದಿಲ್ಲ.

ಹೋದ ತಿಂಗಳು ಆಫೀಸಿಗೆ ಹೊಸ ಹುಡುಗ ಬಂದ. ನೋಟ್‌ಬುಕ್ ನೋಡಿ ‘ಝೆರಾಕ್ಸ್ ಮಾಡಿಸ್ಕೊಳ್ಲಾ ಅಣ್ಣಾ?’ ಅಂದ. ಮಾಡಿಸ್ಕೋ, ಆದರೆ ನಿಂದೂ ಒಂದು ಶುರು ಮಾಡು ಅಂದೆ. ಎರಡನೇ ಪುಟ ಓದಿ, ‘ಇದು ನಿಮಗೇ ಆಗಿದ್ದಾ?’ ಅಂತ ಕೇಳಿದ. ಹೌದು ಅಂದೆ.

ಮನೆಯಲ್ಲಿ ಅಪ್ಪನಿಗೂ ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಅರ್ಥವಾಗಿರಲಿಕ್ಕಿಲ್ಲ. ‘ಪ್ರತಿ ಪುಟದ ಮೇಲೆ ತಾರೀಖು, ಮಷಿನ್ ಯಾವುದು ಅಂತ ಬರಿ. ಮಷಿನ್ ಬದಲಾದ್ರೆ ಲೆಕ್ಕಾನೂ ಬದಲಾಗ್ತದೆ’ ಅಂದರು. ರೂಟರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಮೆನುಗಳು ಬದಲಾಗುವುದನ್ನು ನಾನು ಆ ವಾರವಷ್ಟೇ ಕಂಡಿದ್ದೆ. ಪೆನ್ನು ತೆಗೆದು ಮೊದಲ ಪುಟದಿಂದ ತಾರೀಖು ಹಾಕುತ್ತಾ ಬಂದೆ. ಎರಡನೇ ಪುಟದ ತಾರೀಖನ್ನು ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ.