ಮಳೆಗಾಲದ ಚಾರಣಕ್ಕೆ ಬೂಟು ಕೊಳ್ಳುವ ಮುನ್ನ

ಮಳೆಗಾಲ ಬಂತೆಂದರೆ ಮುಂಬಯಿ, ಪುಣೆಯ ನಮ್ಮ ಕುಟುಂಬಗಳ ಮಕ್ಕಳು ರಾಜಮಾಚಿ, ಹರಿಶ್ಚಂದ್ರಗಡಗಳ ಚಾರಣಕ್ಕೆ ಅಣಿಯಾಗುತ್ತಾರೆ. ಅಂಗಡಿಯಲ್ಲಿ ನಾವು ನೋಡುವುದು ‘ವಾಟರ್‌ಪ್ರೂಫ್’ ಎಂಬ ಚೀಟಿಯನ್ನಷ್ಟೇ. ಗೋರ್‌ಟೆಕ್ಸ್‌ನಂಥ ಒಳಪದರವು ಹೊರಗಿನ ತೇವವನ್ನು ತಡೆಯುವುದು ನಿಜ. ಆದರೆ ಹಳ್ಳ ದಾಟುವಾಗ ಮೇಲಿನಿಂದ ನುಗ್ಗಿದ ನೀರು ಒಳಗೇ ನಿಲ್ಲುತ್ತದೆ.

ಬಾಳಿಕೆಯ ಗುಟ್ಟು ಅಟ್ಟೆಯಲ್ಲಿದೆ. ಅನೇಕ ಬೂಟುಗಳಲ್ಲಿ ರಬ್ಬರಿನ ಮೇಲಣ ಮೆತ್ತನೆಯ ಪದರವನ್ನು ಪಾಲಿಯುರೆಥೇನ್‌ನಿಂದ ಮಾಡಿರುತ್ತಾರೆ. ಮುಂಬಯಿಯ ತೇವದ ಗಾಳಿಯಲ್ಲಿ ಅದು, ಬಳಸದಿದ್ದರೂ, ಕೆಲವೇ ವರ್ಷಗಳಲ್ಲಿ ಶಿಥಿಲವಾಗಿ ಪುಡಿಯಾಗುತ್ತದೆ. ಬೀರುವಿನಲ್ಲಿ ಆರು ವರ್ಷ ಜೋಪಾನವಾಗಿಟ್ಟಿದ್ದ ನಮ್ಮ ದುಬಾರಿ ಬೂಟಿನ ಅಟ್ಟೆ ಕಳಸೂಬಾಯಿ ಇಳಿಯುವಾಗ ಕಳಚಿತು. ಹಗ್ಗ ಬಿಗಿದು, ಮಗನ ಹೆಗಲು ಹಿಡಿದು ಕೆಳಗಿಳಿದೆವು.

ಆದುದರಿಂದ ಕೊಳ್ಳುವಾಗ ತಯಾರಾದ ವರ್ಷವನ್ನು ಕೇಳಿರಿ. ರಿಯಾಯಿತಿಯ ಹಳೆಯ ದಾಸ್ತಾನು ಬೇಡ. ಹೊರಡುವ ಒಂದು ವಾರ ಮೊದಲೇ ಹಿಮ್ಮಡಿಯ ಪದರವನ್ನು ಹೆಬ್ಬೆರಳಿನಿಂದ ಒತ್ತಿ, ಬಿರುಕಿದೆಯೇ ನೋಡಿರಿ.