ಇಪ್ಪತ್ತಮೂರು ಕೆಲಸ, ದಿನಕ್ಕೆ ಕಾಲು ಗಂಟೆ

2006ರ ಆಗಸ್ಟ್ ತಿಂಗಳು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶಾರ್ಲೆಟ್ ನಗರದಲ್ಲಿ ಸಾರ್ವಜನಿಕ ಗ್ರಂಥಾಲಯದ ಸಿಬ್ಬಂದಿಗೆಲ್ಲ ಒಂದು ಆಹ್ವಾನ ಹೋಯಿತು. ಒಂಬತ್ತು ವಾರಗಳಲ್ಲಿ 23 ಸಣ್ಣ ಕೆಲಸಗಳನ್ನು ಮಾಡಿ ಮುಗಿಸಬೇಕು. ತರಗತಿ ಇಲ್ಲ, ಉಪನ್ಯಾಸ ಇಲ್ಲ, ಪರೀಕ್ಷೆಯೂ ಇಲ್ಲ. ದಿನಕ್ಕೆ ಹದಿನೈದು ನಿಮಿಷ ಕೊಟ್ಟರೆ ಸಾಕು. ಮುಗಿಸಿದವರಿಗೆ ಒಂದು ಎಂಪಿ3 ಪ್ಲೇಯರ್, ಜೊತೆಗೆ ಚೀಟಿ ಎತ್ತಿ ಒಬ್ಬರಿಗೆ ಲ್ಯಾಪ್‌ಟಾಪ್. ‘ಲರ್ನಿಂಗ್ 2.0’ ಎಂದು ಹೆಸರಿಟ್ಟಿದ್ದ ಈ ಕಾರ್ಯಕ್ರಮ ಮುಂದೆ ಗ್ರಂಥಪಾಲಕರ ಬಾಯಲ್ಲಿ ‘23 ಥಿಂಗ್ಸ್’ ಎಂದೇ ಉಳಿಯಿತು. ಕೆಲಸದಲ್ಲಿರುವವರಿಗೆ ಹೊಸ ತಂತ್ರಜ್ಞಾನ ಕಲಿಸಲು ಹುಟ್ಟಿದ ಯೋಜನೆಗಳಲ್ಲಿ ಇಷ್ಟು ಸರಳವಾಗಿದ್ದು ಇಷ್ಟು ದೂರ ಹೋದದ್ದು ಇನ್ನೊಂದನ್ನು ನಾನು ಕಾಣೆ.

ಇದನ್ನು ರೂಪಿಸಿದವರು ಅಲ್ಲಿ ತಂತ್ರಜ್ಞಾನ ವಿಭಾಗದ ಹೊಣೆ ಹೊತ್ತಿದ್ದ ಹೆಲೀನ್ ಬ್ಲೋವರ್ಸ್. ಗ್ರಂಥಾಲಯ ಕ್ಷೇತ್ರದ ಲೇಖಕ ಸ್ಟೀಫನ್ ಏಬ್ರಮ್ ಅದೇ ವರ್ಷ ಬರೆದ ಲೇಖನವೊಂದರಲ್ಲಿ, ಒಬ್ಬ ಗ್ರಂಥಪಾಲಕ ವರ್ಷದೊಳಗೆ ತಾನೇ ಮಾಡಿ ನೋಡಬಹುದಾದ 43 ಸಂಗತಿಗಳನ್ನು ಸೂಚಿಸಿದ್ದರು. ಬ್ಲೋವರ್ಸ್ ಅವರಿಗೆ ಎಳೆ ಸಿಕ್ಕಿದ್ದು ಅಲ್ಲಿಂದ.

ಆಗಿನ ಪರಿಸ್ಥಿತಿಯನ್ನು ನೆನೆಯಬೇಕು. ಅಲ್ಲಿಯವರೆಗೆ ಅಂತರಜಾಲ ಬಹುಪಾಲು ಜನಕ್ಕೆ ಓದುವ ಜಾಗವಾಗಿತ್ತು. 2004-05ರ ಸುಮಾರಿಗೆ ಅದು ಬರೆಯುವ, ಹಂಚುವ, ತಿದ್ದುವ ಜಾಗವೂ ಆಯಿತು. ಫ್ಲಿಕರ್‌ನಲ್ಲಿ ಯಾರು ಬೇಕಾದರೂ ಚಿತ್ರ ಹಾಕಬಹುದು, ವಿಕಿಯಲ್ಲಿ ಯಾರು ಬೇಕಾದರೂ ಪುಟ ತಿದ್ದಬಹುದು, 2005ರಲ್ಲಿ ಬಂದ ಲೈಬ್ರರಿಥಿಂಗ್‌ನಲ್ಲಿ ಮನೆಯ ಕಪಾಟಿನ ಪುಸ್ತಕಗಳನ್ನು ಪಟ್ಟಿ ಮಾಡಿ ಜಗತ್ತಿಗೆ ತೋರಿಸಬಹುದು. ಓದುಗರು ಇವನ್ನೆಲ್ಲ ಕಲಿತುಬಿಟ್ಟಿದ್ದರು. ಕೌಂಟರಿನ ಈಚೆ ಕೂತ ಗ್ರಂಥಪಾಲಕರಲ್ಲಿ ಅನೇಕರು ಕಲಿತಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿಕೊಡುವುದೇ ವೃತ್ತಿಧರ್ಮವಾದವರಿಗೆ ‘ನನಗೆ ಅದು ಗೊತ್ತಿಲ್ಲ’ ಎಂದು ಕೈಚೆಲ್ಲುವುದು ಸಣ್ಣ ಸಂಕಟವಲ್ಲ.

ಕಾರ್ಯಕ್ರಮದ ಮೊದಲ ಪಾಠ ಯಾವ ಉಪಕರಣದ ಬಗ್ಗೆಯೂ ಇರಲಿಲ್ಲ. ಜೀವನವಿಡೀ ಕಲಿಯುವವರ ಏಳೂವರೆ ಅಭ್ಯಾಸಗಳು ಎಂಬ ಸಣ್ಣ ಪಾಠವನ್ನು ಕೇಳಿ, ಅದರಲ್ಲಿ ತಮಗೆ ಸುಲಭವಾದದ್ದು ಯಾವುದು, ಕಷ್ಟವಾದದ್ದು ಯಾವುದು ಎಂದು ಬರೆಯಬೇಕಿತ್ತು. ಗುರಿ ಇಟ್ಟುಕೊಳ್ಳುವುದು, ಕಲಿಕೆಯ ಹೊಣೆಯನ್ನು ತಾನೇ ಹೊರುವುದು, ತೊಡಕನ್ನು ಸವಾಲಾಗಿ ನೋಡುವುದು, ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದು, ಹೀಗೆ ಏಳು. ಕೊನೆಯ ಅರ್ಧ ಅಭ್ಯಾಸ ಆಟ. ಸುಮ್ಮನೆ ಆಡಿ ನೋಡಿ ಎಂದು ನೌಕರರಿಗೆ ಲಿಖಿತವಾಗಿ ಹೇಳಿದ ಕಚೇರಿ ಎಷ್ಟಿವೆ! ಗುಂಡಿ ಒತ್ತಿದರೆ ಏನೋ ಕೆಟ್ಟುಹೋದೀತು ಎಂಬ ಭಯವೇ ನಡುವಯಸ್ಸಿನ ನೌಕರನನ್ನು ಕಂಪ್ಯೂಟರಿನಿಂದ ದೂರ ಇಡುವುದು. ಆ ಭಯವನ್ನು ಬ್ಲೋವರ್ಸ್ ಮೊದಲೇ ಗುರುತಿಸಿದ್ದರು.

ಅದಕ್ಕೆ ತಕ್ಕ ಇನ್ನೊಂದು ಏರ್ಪಾಟೂ ಇತ್ತು. ಪ್ರತಿಯೊಬ್ಬರೂ ತಮ್ಮದೇ ಒಂದು ಬ್ಲಾಗ್ ತೆರೆದು, ಮಾಡಿದ ಪ್ರತಿ ಕೆಲಸದ ಅನುಭವವನ್ನು ಅಲ್ಲಿ ದಾಖಲಿಸಬೇಕು; ಆದರೆ ಹೆಸರು ಹಾಕಲೇಬೇಕೆಂದಿಲ್ಲ. ಅಡ್ಡಹೆಸರಿನಲ್ಲಿ ಬರೆದರೂ ಸರಿ, ಯೋಜನೆ ನೋಡಿಕೊಳ್ಳುವವರಿಗೆ ತಿಳಿಸಿದ್ದರೆ ಸಾಕು. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವರು ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ನಾಚಿಕೆಯಿಲ್ಲದೆ ಬರೆಯಬಹುದಿತ್ತು. ಅದನ್ನು ಓದಿದ ಸಹೋದ್ಯೋಗಿ ಕೆಳಗೆ ಒಂದು ಸಾಲು ಸಹಾಯ ಬರೆಯಬಹುದಿತ್ತು. ಮೇಷ್ಟ್ರ ಜಾಗವನ್ನು ತುಂಬಿದ್ದು ಹೀಗೆ, ಒಬ್ಬರಿಗೊಬ್ಬರು.

ಮುಂದಿನ ವಾರಗಳಲ್ಲಿ ಚಿತ್ರ ಹಂಚುವುದು, ಹೊಸ ಸುದ್ದಿ ತಾನಾಗಿ ಬಂದು ಸೇರುವಂತೆ ಆರ್‌ಎಸ್‌ಎಸ್ ಫೀಡ್ ಜೋಡಿಸುವುದು, ವಿಕಿಯಲ್ಲಿ ಪುಟ ಸೇರಿಸುವುದು, ಪಾಡ್‌ಕಾಸ್ಟ್ ಹುಡುಕುವುದು ಎಲ್ಲವೂ ಬಂದವು. ನನಗೆ ಇವುಗಳಲ್ಲಿ ಹೆಚ್ಚು ಹಿಡಿಸಿದ್ದು ವೆಬ್ ಕೊಂಡಿಗಳನ್ನು ಉಳಿಸಿಡುವ ಡೆಲಿಷಿಯಸ್ ಎಂಬ ತಾಣದಲ್ಲಿ ಟ್ಯಾಗ್, ಅಂದರೆ ಗುರುತುಪದ, ಹಾಕಲು ಕಲಿಸಿದ ಪಾಠ. ಗ್ರಂಥಾಲಯ ವಿಜ್ಞಾನ ಓದಿದವರಿಗೆ ವರ್ಗೀಕರಣವೆಂದರೆ ಪರಿಣತರು ಕೂತು ಕಟ್ಟಿದ ಶಿಸ್ತು. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ್ದು ಒಂದು ವಿಷಯವನ್ನು ಒಂದೇ ಗೂಡಿಗೆ ತಳ್ಳಬಾರದೆಂಬ ವಾದದೊಂದಿಗೆ. ವಿಷಯಕ್ಕೆ ಹಲವು ಮುಖಗಳಿವೆ, ದೇಶ ಮತ್ತು ಕಾಲವೂ ಅವುಗಳಲ್ಲಿ ಸೇರುತ್ತವೆ, ಆ ಮುಖಗಳನ್ನು ಜೋಡಿಸಿ ಪುಸ್ತಕದ ಸ್ಥಾನ ಹೇಳಬೇಕು ಎಂದರು. ಟ್ಯಾಗ್ ಕೂಡ ಒಂದು ಪುಸ್ತಕಕ್ಕೆ ಹಲವು ಬಾಗಿಲು ತೆರೆಯುತ್ತದೆ, ಆದರೆ ಬಾಗಿಲು ಇಡುವವರು ಓದುಗರು. ಒಬ್ಬರು ‘ಕಾದಂಬರಿ’ ಎಂದು ಬರೆದರೆ ಇನ್ನೊಬ್ಬರು ‘ನಾವೆಲ್’ ಎನ್ನುತ್ತಾರೆ, ಮತ್ತೊಬ್ಬರು ‘ಪ್ರಯಾಣದಲ್ಲಿ ಓದಲು’ ಎಂದು ಹಾಕುತ್ತಾರೆ. ಮೂರನೆಯದನ್ನು ಯಾವ ವರ್ಗೀಕರಣ ಪಟ್ಟಿಯೂ ಊಹಿಸದು. ಮೊದಲೆರಡು ಬೇರೆ ಬೇರೆಯಾಗಿ ಉಳಿದು ಹುಡುಕುವವರಿಗೆ ಅರ್ಧ ಫಲವನ್ನಷ್ಟೇ ಕೊಡುತ್ತವೆ. ಈ ಲಾಭವೂ ಈ ಕೊರತೆಯೂ ಕೈಯಾರೆ ನಾಲ್ಕು ಟ್ಯಾಗ್ ಹಾಕಿದವರಿಗೆ ತಟ್ಟನೆ ತಿಳಿಯುತ್ತವೆ.

ಶಾರ್ಲೆಟ್ ಗ್ರಂಥಾಲಯ ತನ್ನ ಪಾಠಗಳನ್ನು ಬಚ್ಚಿಡಲಿಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಅವನ್ನು ಮುಕ್ತವಾಗಿ ಬಿಟ್ಟಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ಯಾರಾ ಪ್ಲೆಂಟಿ ಗ್ರಂಥಾಲಯ ಬೇಗನೆ ಅಳವಡಿಸಿಕೊಂಡಿತು. ಮಿನ್ನೆಸೋಟದವರು 2008ರಲ್ಲಿ ‘23 ಥಿಂಗ್ಸ್ ಆನ್ ಎ ಸ್ಟಿಕ್’ ಮಾಡಿದರು. ಸ್ಟಿಕ್ ಎಂದರೆ ಬಹುಮಾನವಾಗಿ ಕೊಟ್ಟ ಪೆನ್‌ಡ್ರೈವ್. 2010ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಗ್ರಂಥಪಾಲಕರು ತಮ್ಮ ತಮ್ಮ ಆವೃತ್ತಿ ನಡೆಸಿದರು. ಮೂಲ ಪಟ್ಟಿಯ ತಾಣಗಳಲ್ಲಿ ಅನೇಕವು ಈಗ ಮುಚ್ಚಿಹೋಗಿವೆ. ಡೆಲಿಷಿಯಸ್ ಇಲ್ಲ, ಬೇಕಾದ ತಾಣಗಳಲ್ಲಷ್ಟೇ ಹುಡುಕಿಕೊಡುತ್ತಿದ್ದ ರೋಲಿಯೋ ಇಲ್ಲ, ಬ್ಲಾಗುಗಳನ್ನು ಹುಡುಕಿಕೊಡುತ್ತಿದ್ದ ಟೆಕ್ನೊರಾಟಿಯ ಹಳೆಯ ರೂಪವೂ ಇಲ್ಲ. ಹಾಗಿದ್ದೂ ಪ್ರತಿ ಊರಿನವರು ಪಟ್ಟಿ ಬದಲಿಸಿಕೊಂಡು ಪದ್ಧತಿಯನ್ನು ಉಳಿಸಿಕೊಂಡರು: ಸಣ್ಣ ಕೆಲಸ, ಕೆಲಸದ ವೇಳೆಯಲ್ಲೇ ಬಿಡುವು, ತಾನೇ ಮಾಡುವುದು, ಮಾಡಿದ್ದನ್ನು ನಾಲ್ಕು ಜನರ ಮುಂದೆ ಇಡುವುದು.

ಇದನ್ನು ಕನ್ನಡದ ಓದುಗರ ಮುಂದಿಡಲು ನನಗೆ ಕಾರಣವಿದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ತೆಕ್ಕೆಗೆ ಬಂದವು. ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಈಗ ಈ ಗ್ರಂಥಾಲಯಗಳ ಹೆಸರು ಅರಿವು ಕೇಂದ್ರ. ಹಲವೆಡೆ ಕಂಪ್ಯೂಟರ್, ಅಂತರಜಾಲ ಬಂದಿವೆ. ಪತ್ರಿಕೆ ಜೋಡಿಸಿ, ರಿಜಿಸ್ಟರ್ ಬರೆದು ದಿನ ಕಳೆಯುತ್ತಿದ್ದ ಮೇಲ್ವಿಚಾರಕರ ಬಳಿ ಮಕ್ಕಳು ವಿದ್ಯಾರ್ಥಿವೇತನದ ಅರ್ಜಿ ಹಿಡಿದು, ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಕೇಳಿಕೊಂಡು ಬರುತ್ತಾರೆ. ಈ ಮೇಲ್ವಿಚಾರಕರ ಮೇಜಿನ ಮುಂದೆ ನಿಂತವರಿಗೆ ಊರಿನಲ್ಲಿ ಕೇಳಲು ಬೇರೆ ಜನವಿಲ್ಲ ಎಂಬ ಮಾತನ್ನು ನಾವು ಮರೆಯಬಾರದು. ಒಂದು ದಿನ ಸಭಾಂಗಣದಲ್ಲಿ ಕೂರಿಸಿ ಪರದೆಯ ಮೇಲೆ ತೋರಿಸುವ ತರಬೇತಿಯಿಂದ ಮೇಲ್ವಿಚಾರಕರ ಕೈ ಪಳಗುವುದಿಲ್ಲ. ಈಜು ದಡದಲ್ಲಿ ಕೂತು ಬರುವ ವಿದ್ಯೆಯಲ್ಲ.

ನಮ್ಮ 23 ಯಾವುವು ಇರಬಹುದು? ಮೊದಲನೆಯದು ಯೂನಿಕೋಡ್ ಕನ್ನಡ ಎಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪುಸ್ತಕ ಪಟ್ಟಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅದೇ ಪಟ್ಟಿಯನ್ನು ಯೂನಿಕೋಡಿಗೆ ತಂದರೆ ಲೇಖಕರ ಹೆಸರು ಹೊಡೆದ ಕೂಡಲೆ ಪುಸ್ತಕ ಎದುರು ನಿಲ್ಲುತ್ತದೆ. ಎರಡನೆಯದು ಕನ್ನಡ ವಿಕಿಸೋರ್ಸ್. ಅಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕದ ಪುಟದ ಚಿತ್ರ ಒಂದು ಬದಿ, ಯಂತ್ರ ಓದಿದ ಪಠ್ಯ ಇನ್ನೊಂದು ಬದಿ. ಎರಡನ್ನೂ ಹೋಲಿಸಿ ಕಾಗುಣಿತ ತಿದ್ದಿದರೆ ಪುಟದ ಗುರುತು ಕೆಂಪಿನಿಂದ ಹಳದಿಗೆ ಬರುತ್ತದೆ. ಇನ್ನೊಬ್ಬರು ಮತ್ತೊಮ್ಮೆ ಪರಿಶೀಲಿಸಿದ ಮೇಲೆ ಹಸಿರಾಗುತ್ತದೆ. ಕರಡು ತಿದ್ದುವ ಕಣ್ಣಿರುವ ಗ್ರಂಥಪಾಲಕರಿಗೆ ಇದಕ್ಕಿಂತ ಹೊಂದುವ ಕೆಲಸ ಸಿಗದು. ಮೂರನೆಯದು ಕನ್ನಡ ವಿಕಿಪೀಡಿಯದ ಲೇಖನವೊಂದಕ್ಕೆ ತಮ್ಮ ಕಪಾಟಿನ ಪುಸ್ತಕದಿಂದ ಒಂದು ಆಧಾರ ಸೇರಿಸುವುದು. 2016ರಿಂದ ಜಗತ್ತಿನ ಗ್ರಂಥಪಾಲಕರು ಪ್ರತಿ ವರ್ಷ ‘ಒಬ್ಬ ಗ್ರಂಥಪಾಲಕ, ಒಂದು ಉಲ್ಲೇಖ’ ಎಂಬ ಅಭಿಯಾನದಲ್ಲಿ ಮಾಡುತ್ತಿರುವುದು ಇದನ್ನೇ. ತಾಲ್ಲೂಕಿನ ಇತಿಹಾಸ, ಜಾತ್ರೆ, ಕೆರೆಗಳ ಬಗ್ಗೆ ಸ್ಥಳೀಯವಾಗಿ ಅಚ್ಚಾದ ಪುಸ್ತಕಗಳು ಎಷ್ಟೋ ಕಡೆ ಆ ಊರಿನ ಗ್ರಂಥಾಲಯದಲ್ಲಿ ಮಾತ್ರ ಉಳಿದಿವೆ. ಅವನ್ನು ಉಲ್ಲೇಖಿಸಬಲ್ಲವರೂ ಅಲ್ಲಿನವರೇ.

ನಾಲ್ಕನೆಯದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿಯ ಮೂಲ ಹುಡುಕುವುದನ್ನು ಇಡಬಹುದು. ಉಳಿದ ಪಟ್ಟಿಯನ್ನು ಮೇಲ್ವಿಚಾರಕರೇ ಮಾಡಲಿ. ಜನ ಏನು ಕೇಳಿಕೊಂಡು ಬರುತ್ತಾರೆಂದು ಅವರಿಗೆ ಗೊತ್ತು. ಮೇಲಿನವರು ಕೊಡಬೇಕಾದದ್ದು ಎರಡು: ಪ್ರತಿದಿನದ ಆ ಹದಿನೈದು ನಿಮಿಷ ಕೆಲಸದ ಅವಧಿಯ ಭಾಗವೇ ಎಂಬ ಆದೇಶ, ಮತ್ತು ತಿಂಗಳಿಗೊಮ್ಮೆ ಅಕ್ಕಪಕ್ಕದ ಐದಾರು ಪಂಚಾಯಿತಿಗಳ ಮೇಲ್ವಿಚಾರಕರು ಒಂದು ಕಡೆ ಸೇರಿ ಒಬ್ಬರಿಗೊಬ್ಬರು ತೋರಿಸಿಕೊಡಲು ಬಸ್ ಚಾರ್ಜು.