ನೆರವು ಕೇಳುವುದೂ ಒಂದು ಕಲಿಕೆ

ಹರದನಹಳ್ಳಿಯಲ್ಲಿ ಜನಿಸಿದ ತೋಂಟದ ಸಿದ್ಧಲಿಂಗ ಯತಿಗಳಿಗೆ ಅದೇ ಊರಿನ ಗೋಸಲ ಚನ್ನಬಸವೇಶ್ವರರು ಗುರುಗಳಾಗಿದ್ದರು. ಶಿಷ್ಯನಿಗೆ ಗುರು ಕಣ್ಣೆದುರಿಗೇ ಇದ್ದ ಕಾಲವದು. ಇಂದಿನ ವಿಶ್ವವಿದ್ಯಾಲಯದಲ್ಲಿ ನೆರವು ವಿಭಾಗ, ಗ್ರಂಥಾಲಯ, ಕಚೇರಿ, ವಿದ್ಯಾರ್ಥಿನಿಲಯಗಳಲ್ಲಿ ಹಂಚಿಹೋಗಿದೆ. ವಿದ್ಯಾರ್ಥಿಯೇ ಅದನ್ನು ಹುಡುಕಿಕೊಂಡು ಹೋಗಬೇಕು.

ಹರದನಹಳ್ಳಿಯಂಥ ಊರಿನಿಂದ ಚಾಮರಾಜನಗರದ ಸುವರ್ಣಗಂಗೋತ್ರಿಗೋ ಮೈಸೂರಿನ ಮಾನಸಗಂಗೋತ್ರಿಗೋ ಹೋಗುವ ವಿದ್ಯಾರ್ಥಿ ಮನೆಯಲ್ಲಿ ಪದವಿ ಪಡೆದ ಮೊದಲಿಗಳಾಗಿದ್ದರೆ, ಅಲ್ಲಿ ಯಾರನ್ನು ಕೇಳಬೇಕೆಂದು ಹೇಳಿಕೊಡುವವರು ಮನೆಯಲ್ಲಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಂಗ್ಲಿಷ್ ಪಾಠ ಅರ್ಥವಾಗದಿದ್ದರೂ ಸಂಕೋಚದಿಂದ ಸುಮ್ಮನಿರುತ್ತಾಳೆ. ಆ ಮೌನವನ್ನು ನಾವು ಅಸಡ್ಡೆಯೆಂದು ತಿಳಿದರೆ, ಓದಬಲ್ಲ ವಿದ್ಯಾರ್ಥಿಯೊಬ್ಬಳು ಓದು ಬಿಡುವ ಸಂಭವವಿದೆ.

ಶೈಕ್ಷಣಿಕ ನೆರವಿನ ತತ್ತ್ವ ಪ್ರಶಿಕ್ಷಣಾರ್ಥಿಗಳಿಗೆ ಹೊಸದಲ್ಲ. ತಾನೊಬ್ಬನೇ ಮಾಡಲಾಗದ್ದನ್ನು ಬಲ್ಲವರ ಆಸರೆಯಿಂದ ಮಾಡಬಹುದಾದ ಹಂತವನ್ನು ವೈಗೋಟ್ಸ್ಕಿ ಗುರುತಿಸಿದ್ದಾರೆ. ಆಸರೆ ಸಿಗಬೇಕಾದರೆ ಪ್ರಶ್ನೆ ನಿಖರವಾಗಿರಬೇಕು. "ಏನೂ ಅರ್ಥವಾಗಲಿಲ್ಲ ಸರ್" ಎನ್ನುವುದಕ್ಕಿಂತ "ಇಲ್ಲಿಯವರೆಗೆ ತಿಳಿಯಿತು, ಈ ಹಂತದಲ್ಲಿ ನಿಂತೆ" ಎಂದರೆ ಅಧ್ಯಾಪಕರಿಗೆ ದಾರಿ ಕಾಣುತ್ತದೆ. ಪಾಠಯೋಜನೆಯಲ್ಲಿ ಪೂರ್ವಜ್ಞಾನವನ್ನು ಬರೆಯುವ ಉದ್ದೇಶವೂ ಇದೇ. ಸಹಪಾಠಿಗಳ ಚಿಕ್ಕ ಓದುಗುಂಪು, ಹಿರಿಯ ವಿದ್ಯಾರ್ಥಿಗಳ ಟಿಪ್ಪಣಿ, ಗ್ರಂಥಪಾಲಕರ ಸಲಹೆ ಇವೂ ಆಸರೆಗಳೇ.

ಹಣದ ತೊಂದರೆಯನ್ನು ಮುಚ್ಚಿಟ್ಟರೆ ಅದು ಹಾಜರಾತಿಯಲ್ಲಿ ಹೊರಬೀಳುತ್ತದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಪಡೆದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಕೊಂಡಿದ್ದರೆ ಕೊನೆಯ ದಿನದ ಪರದಾಟ ತಪ್ಪುತ್ತದೆ. ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ಇದೆ.

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರೊಂದಿಗೂ ಬೆರೆಯದಿರುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ಬರಿಯ ಮನೆಯ ನೆನಪೆಂದು ತಳ್ಳಿಹಾಕಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ನಿಯಮಾವಳಿ ರೂಪಿಸಿದೆ. ಅದರ ಸಹಾಯವಾಣಿ 1800-180-5522.

ಶಿಕ್ಷಕ ಪ್ರಶಿಕ್ಷಕರು ಈ ಮಾಹಿತಿಯನ್ನು ಫಲಕದಲ್ಲಿ ಅಂಟಿಸಿದರೆ ಸಾಲದು. ಮೊದಲ ವಾರದಲ್ಲೇ ಪ್ರತಿಯೊಬ್ಬರೂ ಗ್ರಂಥಾಲಯದಿಂದ ಒಂದು ಪುಸ್ತಕ ತರುವಂತೆ, ಮಾರ್ಗದರ್ಶಕ ಅಧ್ಯಾಪಕರ ಬಳಿ ಒಂದು ಪ್ರಶ್ನೆ ಕೇಳುವಂತೆ, ಕಚೇರಿಯಲ್ಲಿ ವಿದ್ಯಾರ್ಥಿವೇತನದ ವಿಷಯ ವಿಚಾರಿಸುವಂತೆ ಚಟುವಟಿಕೆ ಕೊಡಬಹುದು. ಎಲ್ಲರೂ ಕೇಳಲೇಬೇಕಾದಾಗ ಕೇಳುವವರಿಗೆ ನಾಚಿಕೆ ಇರುವುದಿಲ್ಲ.

ಇದರ ಫಲ ಬೋಧನಾಭ್ಯಾಸದಲ್ಲಿ ಕಾಣುತ್ತದೆ. "ಅರ್ಥವಾಯಿತೇ?" ಎಂದಾಗ ಇಡೀ ತರಗತಿ "ಹೌದು" ಎನ್ನುತ್ತದೆ. ಹಿಂದಿನ ಬೆಂಚಿನ ಮಗು ಸುಮ್ಮನಿರುತ್ತದೆ. ನೆರವು ಕೇಳುವ ಕಷ್ಟವನ್ನು ಬಲ್ಲ ಪ್ರಶಿಕ್ಷಣಾರ್ಥಿ "ಎಲ್ಲಿಯವರೆಗೆ ಬಂತು, ತೋರಿಸು" ಎಂದು ಆ ಮಗುವಿನ ಪಕ್ಕಕ್ಕೆ ಹೋಗುತ್ತಾರೆ.